ಸಾಂಗ್ಲಿ–ಮಿರಜ ಬಿಡುವ ಮುನ್ನ ಮನೆ ಹಗುರ ಮಾಡಿಕೊಳ್ಳಿ

ಸಾಗಣೆಯವರು ಮನೆ ನೋಡಲು ಬಂದಾಗ ಯಾವ ಸಾಮಾನಿನ ಬೆಲೆಯನ್ನೂ ಕೇಳುವುದಿಲ್ಲ. ಮಂಚ, ಕಪಾಟು, ಫ್ರಿಜ್, ಅಟ್ಟದ ಮೇಲಿನ ಟ್ರಂಕು ಎಲ್ಲವನ್ನೂ ಕಣ್ಣಳತೆಯಲ್ಲೇ ಅಳೆದು, 14 ಅಡಿಯ ಲಾರಿ ಸಾಕೋ 17 ಅಡಿಯದೇ ಬೇಕೋ ಎಂದು ಹೇಳಿ ಹೋಗುತ್ತಾರೆ. ಅಜ್ಜಿಯ ಕಾಲದ ತಾಮ್ರದ ಬಂಬಕ್ಕೂ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗೂ ಅವರ ಲೆಕ್ಕದಲ್ಲಿರುವುದು ಅದು ಹಿಡಿಯುವ ಜಾಗ ಮಾತ್ರ. ಸಾಂಗ್ಲಿಯಿಂದ ಬೆಂಗಳೂರಿಗೆ 600 ಕಿಲೋಮೀಟರಿಗೂ ಹೆಚ್ಚು ದಾರಿ. ಅಷ್ಟು ದೂರ ಮುರಿದ ಕುರ್ಚಿಗೆ ಬಾಡಿಗೆ ಕೊಡಲು ಯಾರೂ ಬಯಸುವುದಿಲ್ಲ. ಆದರೂ ಬಹಳ ಮನೆಗಳಲ್ಲಿ ಅದೇ ಆಗುತ್ತದೆ. ಮೊದಲು ಲಾರಿ ಗೊತ್ತು ಮಾಡುತ್ತಾರೆ, ಆಮೇಲೆ ಸಾಮಾನು ಆರಿಸಲು ಕೂರುತ್ತಾರೆ, ಹೊತ್ತು ಸಾಲದೆ ಕೊನೆಗೆ ಎಲ್ಲವನ್ನೂ ಕಟ್ಟಿ ಏರಿಸುತ್ತಾರೆ. ಹೊಸ ಮನೆಯಲ್ಲಿ ಆ ಪೆಟ್ಟಿಗೆಗಳು ಎಷ್ಟೋ ವರ್ಷ ಕಳೆದರೂ ಬಿಚ್ಚದೆ ಉಳಿಯುತ್ತವೆ.

ಸಾಂಗ್ಲಿ, ಮಿರಜ, ಕುಪವಾಡಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಮನೆಗಳು ಸಾಕಷ್ಟಿವೆ. ಅದಕ್ಕೆ ಇತಿಹಾಸದ ಕಾರಣವೂ ಇದೆ. ಪಟವರ್ಧನರ ಸಾಂಗ್ಲಿ ಸಂಸ್ಥಾನಕ್ಕೆ ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಹಿರಿಯ ಸಂಸ್ಥಾನದ ಊರಾಗಿತ್ತು. ಕಚೇರಿ, ವ್ಯಾಪಾರ, ಓದು, ಆಸ್ಪತ್ರೆ ಎಂದು ಆ ಕಡೆಯಿಂದ ಬಂದವರು ಇಲ್ಲೇ ಉಳಿದರು. ಈಗ ಅವರ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ್ದಾರೆ. ವಯಸ್ಸಾದ ತಂದೆತಾಯಿ ಅವರ ಬಳಿ ಹೋಗಬೇಕಾದ ದಿನ ಬರುತ್ತಿದೆ. ಅಂಗಳ, ಹಿತ್ತಲು, ಅಟ್ಟ ಇದ್ದ ಮನೆಯಿಂದ ಎರಡು ಕೋಣೆಯ ಫ್ಲ್ಯಾಟಿಗೆ ಹೋಗುವ ಹಾದಿ ಇದು. ಈ ಲೇಖನ ಮುಖ್ಯವಾಗಿ ಅಂಥ ಮನೆಯವರಿಗೆ.

ನನ್ನ ಮಾತು ಇಷ್ಟೇ: ಮನೆಯ ಹಿರಿಯರು ಎದುರಿಗಿರುವಾಗ, ಅವರ ಬಾಯಿಂದಲೇ ಪ್ರತಿ ವಸ್ತುವಿನ ದಾರಿ ತೀರ್ಮಾನವಾಗಬೇಕು. ಲಾರಿ ಆಮೇಲೆ ಬರಲಿ.

ಎರಡು ತಿಂಗಳು ಕೈಯಲ್ಲಿರಲಿ

ಹೊರಡುವ ದಿನಕ್ಕೆ ಎರಡು ತಿಂಗಳಾದರೂ ಮುಂಚೆ ಕೆಲಸ ಶುರುವಾಗಬೇಕು. ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ವಿಷಯ ಗಮನಿಸಿ. ಮಹಾರಾಷ್ಟ್ರದ ಶಾಲೆಗಳು ಜೂನ್ ನಡುವಿಗೆ ತೆರೆಯುತ್ತವೆ, ಕರ್ನಾಟಕದವು ಮೇ ಕೊನೆ ಅಥವಾ ಜೂನ್ ಆರಂಭಕ್ಕೇ ತೆರೆಯುತ್ತವೆ. ಇಲ್ಲಿನ ಲೆಕ್ಕ ಹಿಡಿದು ಕೂತರೆ ಅಲ್ಲಿ ಮೊದಲ ಎರಡು ವಾರದ ಪಾಠ ತಪ್ಪುತ್ತದೆ. ಮೇ ತಿಂಗಳಲ್ಲೇ ಸ್ಥಳಾಂತರ ಮುಗಿಸಿದರೆ ಮಳೆಯ ಭಯವೂ ಇರುವುದಿಲ್ಲ. ಗಾದಿ, ಪುಸ್ತಕ, ಮರದ ಸಾಮಾನಿಗೆ ಜುಲೈ–ಆಗಸ್ಟಿನ ಪ್ರಯಾಣ ಒಳ್ಳೆಯದಲ್ಲ.

ಮೇ ತಿಂಗಳು ಎಂದ ಮೇಲೆ ಅಡುಗೆಮನೆಗೆ ಸಂಬಂಧಿಸಿದ ಇನ್ನೊಂದು ಮಾತೂ ಇದೆ. ಈ ಸೀಮೆಯ ಮನೆಗಳಲ್ಲಿ ವರ್ಷದ ಜೋಳ, ಗೋದಿ, ಬೇಳೆ ತುಂಬುವುದು, ವರ್ಷಕ್ಕಾಗುವಷ್ಟು ಖಾರದ ಚಟ್ನಿಪುಡಿ ಕುಟ್ಟಿಸುವುದು, ಹಪ್ಪಳ–ಸಂಡಿಗೆ ಹಾಕುವುದು ಎಲ್ಲವೂ ಬೇಸಿಗೆಯ ಕೆಲಸ. ಊರು ಬಿಡುವ ವರ್ಷ ಇದನ್ನು ಕೈಬಿಡಿ. ಅಥವಾ ಚಟ್ನಿಪುಡಿಯನ್ನಷ್ಟೇ ಕುಟ್ಟಿಸಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ, ಏಕೆಂದರೆ ಈ ಕಡೆಯ ಖಾರದ ರುಚಿ ಬೇರೆ ಊರಲ್ಲಿ ಸಿಗುವುದು ಕಷ್ಟ. ಇರುವ ಧಾನ್ಯವನ್ನು ಎರಡು ತಿಂಗಳಲ್ಲಿ ಉಂಡು ಮುಗಿಸುವ ಲೆಕ್ಕ ಹಾಕಿ. ಸಾಂಗ್ಲಿ ಅರಿಶಿನವನ್ನು ಮಾತ್ರ ಒಂದೆರಡು ಕಿಲೋ ಒಯ್ದರೆ ತಪ್ಪಿಲ್ಲ. 2018ರಲ್ಲಿ ಭೌಗೋಳಿಕ ಗುರುತು ಪಡೆದ ಬೆಳೆ ಅದು, ಜಾಗವೂ ಕಡಿಮೆ ಹಿಡಿಯುತ್ತದೆ.

ಮೊದಲು ಹೊಸ ಮನೆಯನ್ನು ಅಳೆಯಿರಿ

ಹಳೆ ಮನೆಯ ಅಟ್ಟ ಏರುವ ಮೊದಲು ಹೊಸ ಮನೆಯ ಅಳತೆ ತರಿಸಿಕೊಳ್ಳಿ. ಪ್ರತಿ ಕೋಣೆಯ ಉದ್ದ–ಅಗಲ, ಬಾಗಿಲ ಅಗಲ, ಲಿಫ್ಟಿನ ಒಳಗಿನ ಎತ್ತರ, ಮೆಟ್ಟಿಲು ತಿರುಗುವ ಜಾಗ, ಇಷ್ಟನ್ನು ಮಕ್ಕಳು ಟೇಪು ಹಿಡಿದು ಅಳೆದು ಕಳಿಸಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಮಲಗುವ ಕೋಣೆಯ ಗೆರೆ ಎಳೆದು ಅದರೊಳಗೆ ನಿಮ್ಮ ಸಾಗವಾನಿ ಮಂಚ ನಿಲ್ಲುತ್ತದೆಯೇ ನೋಡಿ. ಬಾಯಲ್ಲಿ ಎಷ್ಟು ವಾದ ಮಾಡಿದರೂ ಬಗೆಹರಿಯದ ಪ್ರಶ್ನೆ ಆ ಗೆರೆಯಿಂದ ಬಗೆಹರಿಯುತ್ತದೆ.

ಮರದ ಸಾಮಾನಿನಲ್ಲಿ ಎರಡು ಜಾತಿ. ಸಾಗವಾನಿ, ಶೀಸಂನ ಹಳೆಯ ಮಂಚ, ಮೇಜು, ತೂಗುಮಂಚಗಳನ್ನು ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಇನ್ನೂ ಎರಡು ತಲೆಮಾರು ಬಾಳುತ್ತವೆ. ಅವಕ್ಕೆ ಲಾರಿ ಬಾಡಿಗೆ ಕೊಡುವುದು ಸರಿ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು, ಟಿವಿ ಸ್ಟ್ಯಾಂಡುಗಳು ಹಾಗಲ್ಲ. ಒಮ್ಮೆ ಸ್ಕ್ರೂ ಬಿಚ್ಚಿದರೆ ಆ ತೂತು ಮತ್ತೆ ಹಿಡಿಯುವುದಿಲ್ಲ. ಅವನ್ನು ಇಲ್ಲೇ ಮಾರಿಬಿಡಿ. ನದಿಯ ಹತ್ತಿರದ ಮನೆಯಾದರೆ ಪ್ರವಾಹದಲ್ಲಿ ನೆನೆದು ಉಬ್ಬಿದ ಪ್ಲೈವುಡ್ಡನ್ನಂತೂ ಒಯ್ಯಲೇಬೇಡಿ; ಒಣಗಿದಂತೆ ಕಂಡರೂ ಒಳಗಿನ ಬೂಷ್ಟು ಹೊಸ ಮನೆಯ ಗೋಡೆಗೂ ಹತ್ತುತ್ತದೆ.

ಪ್ರವಾಹದ ಮಾತು ಬಂದಿತು. ಸಾಂಗ್ಲಿಯವರಿಗೆ ಈ ವಿಷಯದಲ್ಲಿ ಬೇರೆ ಊರಿನವರಿಗಿಲ್ಲದ ಅನುಭವವಿದೆ. 2005, 2019, 2021ರಲ್ಲಿ ಕೃಷ್ಣೆ ಮನೆಯೊಳಗೆ ಬಂದಳು. 1929ರ ಆಯರ್ವಿನ್ ಸೇತುವೆಯ ಹತ್ತಿರ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತ್ತು. ಆಗ ಒಂದೇ ರಾತ್ರಿಯಲ್ಲಿ ಏನನ್ನು ಮಾಳಿಗೆಗೆ ಏರಿಸಿದಿರಿ, ಏನನ್ನು ಕೆಳಗೇ ಬಿಟ್ಟಿರಿ ಎಂದು ಮನೆಯವರೆಲ್ಲ ಕೂತು ನೆನಪಿಸಿಕೊಳ್ಳಿ. ಕೈ ಮೊದಲು ಹೋದದ್ದು ಯಾವುದಕ್ಕೆ? ಕಾಗದಪತ್ರ, ಔಷಧ, ದೇವರು, ಒಡವೆ, ಫೋಟೊ ಆಲ್ಬಮ್, ಮಗುವಿನ ಪುಸ್ತಕದ ಚೀಲ. ಯಾವುದು ಹಾಳಾಯಿತೆಂದು ಆಮೇಲೆ ನಿಜವಾಗಿ ಮರುಗಿದಿರಿ, ಯಾವುದು ಹೋದದ್ದೇ ಗೊತ್ತಾಗಲಿಲ್ಲ? ಈ ಪಟ್ಟಿಯನ್ನು ಬರೆದಿಡಿ. ಹೆದರಿಕೆಯ ಹೊತ್ತಿನಲ್ಲಿ ಮಾಡಿದ ಆ ಆಯ್ಕೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ಮೊದಲ ಪೆಟ್ಟಿಗೆ ಅದರಿಂದಲೇ ತುಂಬಲಿ, ಆ ಪೆಟ್ಟಿಗೆ ಲಾರಿಯಲ್ಲಿ ಹೋಗದೆ ನಿಮ್ಮ ಕೈಯಲ್ಲೇ ಬರಲಿ.

ಹಂಡೆ, ಬಂಬ, ಕೊಡ

ಅಡುಗೆಮನೆ ಮತ್ತು ಬಚ್ಚಲಲ್ಲೇ ಜಗಳ ಹೆಚ್ಚು. "ಇದು ನಮ್ಮ ಅವ್ವ ತವರಿಂದ ತಂದ ಹಂಡೆ, ಹೆಂಗ ಕೊಡೂದು?" ಎಂದು ಅಜ್ಜಿ ಕೇಳಿದರೆ ಮೊಮ್ಮಗಳ ಬಳಿ ಉತ್ತರವಿರುವುದಿಲ್ಲ. ಉತ್ತರಕ್ಕೆ ಅವಸರ ಬೇಡ. ಮೊದಲು ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದು ಸಾಲಾಗಿ ಇಡಿ. ಕಳೆದ ಒಂದು ವರ್ಷದಲ್ಲಿ ಒಲೆಯ ಮೇಲೆ ಏರಿದ್ದು ಒಂದು ಕಡೆ, ಹಬ್ಬ–ಮದುವೆಗೆ ಮಾತ್ರ ಇಳಿಸಿದ್ದು ಇನ್ನೊಂದು ಕಡೆ, ಇಳಿಸಿಯೇ ಇಲ್ಲದ್ದು ಮತ್ತೊಂದು ಕಡೆ. ಮೂವತ್ತು ಮಂದಿಗೆ ಅನ್ನ ಮಾಡುವ ಪಾತೇಲಿ ಫ್ಲ್ಯಾಟಿನ ಗ್ಯಾಸ್ ಒಲೆಯ ಮೇಲೆ ಕೂರುವುದಿಲ್ಲ. ಕಟ್ಟಿಗೆ ಉರಿಸಿ ನೀರು ಕಾಯಿಸುವ ಬಂಬಕ್ಕೆ ಅಲ್ಲಿ ಜಾಗವೂ ಇಲ್ಲ, ಹೊಗೆ ಹೋಗಲು ದಾರಿಯೂ ಇಲ್ಲ. ಧಾನ್ಯ ತುಂಬುವ ತಗಡಿನ ಕೋಠಿಯೂ ಹಾಗೆಯೇ.

ಇವುಗಳಲ್ಲಿ ಒಂದನ್ನು, ಅಜ್ಜಿಯೇ ಆರಿಸಿದ ಒಂದನ್ನು, ಗಾತ್ರ ಎಷ್ಟೇ ಇರಲಿ, ಮಾತಿಲ್ಲದೆ ಒಯ್ಯಬೇಕು ಎಂಬುದು ನನ್ನ ಅಭಿಪ್ರಾಯ. ಹೊಸ ಮನೆಯಲ್ಲಿ ಆ ಹಂಡೆಯಲ್ಲಿ ಗಿಡ ಬೆಳೆಸಿದರೂ ಸರಿ, ಸುಮ್ಮನೆ ಮೂಲೆಯಲ್ಲಿಟ್ಟರೂ ಸರಿ. ಉಳಿದದ್ದಕ್ಕೆ ದಾರಿ ನೋಡಿ. ಮೊದಲ ಹಕ್ಕು ಬಳಗದವರದು. ಸಾಂಗ್ಲಿ–ಮಿರಜದಲ್ಲೇ ಉಳಿಯುವ ಕಾಕಾ, ಮಾಮಾ, ವೈನಿ ಯಾರಿಗೆ ಏನು ಬೇಕೆಂದು ಕೇಳಿ, ಯಾರಿಗೆ ಏನು ಎಂದು ಅಜ್ಜಿಯೇ ಹೇಳಲಿ. ಅವರು ತಮ್ಮ ಕೈಯಿಂದ ಕೊಟ್ಟ ಪಾತ್ರೆಯ ಬಗ್ಗೆ ಮುಂದೆ ದುಃಖ ಉಳಿಯುವುದಿಲ್ಲ. ಅವರು ಮಲಗಿದ್ದಾಗ ಮಾರಿದ ಪಾತ್ರೆಯ ನೋವು ವರ್ಷಗಟ್ಟಲೆ ಉಳಿಯುತ್ತದೆ. ದೊಡ್ಡ ಪಾತೇಲಿ, ಹುಟ್ಟು, ಜಾರಿ ಸೌಟುಗಳು ಮಠ, ಬಸದಿ, ಗುಡಿಯ ಪ್ರಸಾದದ ಅಡುಗೆಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಕೊಡುವ ಮೊದಲು ಒಂದು ಮಾತು ಕೇಳಿಕೊಂಡರೆ ಸಾಕು.

ಮಾರುವುದಾದರೆ ತಾಮ್ರ, ಹಿತ್ತಾಳಿ, ಕಂಚು ಬೇರೆ ಬೇರೆ ಮಾಡಿ ಮನೆಯಲ್ಲೇ ತೂಕ ಮಾಡಿ ಬರೆದಿಟ್ಟುಕೊಳ್ಳಿ. ಎರಡು ಬೆರೆತರೆ ಕಡಿಮೆ ಬೆಲೆಯ ಲೋಹದ ದರದಲ್ಲೇ ಎಲ್ಲವೂ ಹೋಗುತ್ತದೆ. ಬಾಗಿಲಿಗೆ ಬಂದ ಗುಜರಿಯವನಿಗಿಂತ ಪಾತ್ರೆ ಅಂಗಡಿಯ ಹಳೆ ಲೋಹದ ದರ ಸಾಮಾನ್ಯವಾಗಿ ಮೇಲು. ಎರಡು ಅಂಗಡಿಯಲ್ಲಿ ಕೇಳಿ. ಹಳೆ ಬಟ್ಟೆಗೆ ಪಾತ್ರೆ ಕೊಡುವ ಬೋಹಾರಿಣಿಯರು ಇಂದಿಗೂ ಈ ಊರುಗಳ ಗಲ್ಲಿಗಳಲ್ಲಿ ಬರುತ್ತಾರೆ. ಆದರೆ ಮನೆ ಖಾಲಿ ಮಾಡುವಾಗ ಅವರಿಂದ ಹೊಸ ಡಬ್ಬಿ ತೆಗೆದುಕೊಂಡರೆ ಮಾಡಿದ ಕೆಲಸ ವ್ಯರ್ಥ. ಬಟ್ಟೆ ಕೊಡಿ, ಬದಲಿಗೆ ಹಣ ಕೇಳಿ. ಇಲ್ಲವೆ ಮನೆಕೆಲಸದವರಿಗೆ, ಕಬ್ಬು ಕಡಿಯಲು ಬಂದ ಕುಟುಂಬಗಳಿಗೆ ಒಗೆದು ಮಡಿಚಿ ಕೊಡಿ. ಹರಿದದ್ದನ್ನು ದಾನ ಎಂದು ಕೊಡಬಾರದು. ಹಳೆ ಸೀರೆಗಳಿಂದ ಹೊಲಿದ ಕೌದಿಗಳನ್ನು ಮಾತ್ರ ಕೊಡಬೇಡಿ, ಒಯ್ಯಿರಿ. ಗಾಜು, ಪಿಂಗಾಣಿ, ಟಿವಿಗೆ ಸುತ್ತಲು ಅವುಗಳಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಪ್ಯಾಕಿಂಗ್ ಖರ್ಚೂ ಉಳಿಯುತ್ತದೆ, ಕೌದಿಯೂ ಊರು ಸೇರುತ್ತದೆ.

ಪ್ಯಾಕಿಂಗ್ ಎಂದಾಗ ಇಲ್ಲಿನವರಿಗಿರುವ ಇನ್ನೊಂದು ಅನುಕೂಲ ಹೇಳಬೇಕು. ತಾಸಗಾಂವ–ಸಾಂಗ್ಲಿ ಒಣದ್ರಾಕ್ಷಿಯ, ಅಂದರೆ ಬೇದಾಣೆಯ, ಪೇಟೆ. ಬೇದಾಣೆ ತುಂಬುವ 15 ಕಿಲೋ ರಟ್ಟಿನ ಪೆಟ್ಟಿಗೆಗಳು ವ್ಯಾಪಾರಿಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಪುಸ್ತಕಕ್ಕೆ ಅದೇ ಸರಿಯಾದ ಗಾತ್ರ; ಒಬ್ಬರೇ ಎತ್ತಬಹುದು, ತಳ ಕಿತ್ತುಬರುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿದರೆ ಹಮಾಲರ ಬೆನ್ನೂ ಹೋಗುತ್ತದೆ, ಪುಸ್ತಕವೂ ಹೋಗುತ್ತದೆ. ಬಾರದಾನದ ಚೀಲಗಳಲ್ಲಿ ಪಾತ್ರೆ ತುಂಬಬಹುದು, ಬಟ್ಟೆ ಬೇಡ. ಅರಿಶಿನದ ಚೀಲವಾಗಿದ್ದರೆ ಬಟ್ಟೆಯೆಲ್ಲ ಹಳದಿಯಾಗುತ್ತದೆ.

ತಂಬೂರಿ ಇದ್ದರೆ

ಮಿರಜದಲ್ಲಿ ಸಂಗೀತ ಕಲಿತ ಮನೆಗಳಲ್ಲಿ ತಂಬೂರಿಯೋ ಸಿತಾರೋ ಮೂಲೆಯಲ್ಲಿ ನಿಂತಿರುತ್ತದೆ. ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದ ಊರಿದು, ಸತಾರಮೇಕರ್ ಗಲ್ಲಿಯ ವಾದ್ಯಗಳು ದೇಶವೆಲ್ಲ ಹೋಗುತ್ತವೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಬಾರಿಸುವವರು ಮನೆಯಲ್ಲಿ ಯಾರೂ ಉಳಿದಿಲ್ಲವಾದರೆ ವಾದ್ಯವನ್ನು ಅಲಂಕಾರಕ್ಕೆಂದು ಬೆಂಗಳೂರಿಗೆ ಒಯ್ಯಬೇಡಿ. ಅದೇ ಗಲ್ಲಿಗೆ ತೆಗೆದುಕೊಂಡು ಹೋಗಿ ತೋರಿಸಿ. ಅಲ್ಲಿನ ಕುಶಲಕರ್ಮಿಗಳು ತಂತಿ, ಕುದುರೆ ಸರಿಮಾಡಿ ಅದನ್ನು ಮತ್ತೆ ನುಡಿಯುವಂತೆ ಮಾಡುತ್ತಾರೆ. ಆಮೇಲೆ ಕಲಿಯುತ್ತಿರುವ ಬಡ ವಿದ್ಯಾರ್ಥಿಯೊಬ್ಬನಿಗೆ ಕೊಡಿ.

ಒಯ್ಯುವುದೇ ಆದರೆ ಲಾರಿಯಲ್ಲಿ ಹಾಕಬೇಡಿ. ತಂಬೂರಿಯ ಬುರುಡೆ ಒಣಗಿದ ಸೋರೆಕಾಯಿಯದು. ಸಣ್ಣ ಪೆಟ್ಟಿಗೂ ಸೀಳುತ್ತದೆ. ತಂತಿಗಳನ್ನು ಸಡಿಲಿಸಿ, ಪೂರ್ತಿ ಬಿಚ್ಚದೆ, ಕುದುರೆಯನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಬುರುಡೆಯ ಸುತ್ತ ಹತ್ತಿ ತುಂಬಿ ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿಸಿ. ಪೆಟ್ಟಿಗೆಯನ್ನೂ ಅದೇ ಗಲ್ಲಿಯಲ್ಲಿ ಮಾಡಿಕೊಡುತ್ತಾರೆ. ರೈಲಿನಲ್ಲಿ ನಿಮ್ಮ ಜೊತೆಗೇ ಬರಲಿ.

ಯಂತ್ರ, ಬ್ಯಾಟರಿ, ಮದ್ದು

ಹತ್ತು ವರ್ಷ ದಾಟಿದ ಫ್ರಿಜ್, ವಾಷಿಂಗ್ ಮಷೀನುಗಳನ್ನು ಸಾಗಿಸುವುದು ಲೆಕ್ಕಕ್ಕೆ ಕೂರುವುದಿಲ್ಲ. ಸಾಗಣೆ, ಬಿಚ್ಚುವುದು, ಜೋಡಿಸುವುದು ಸೇರಿ ಬೀಳುವ ಖರ್ಚನ್ನು ಒಂದು ಕಡೆ ಬರೆಯಿರಿ, ಅದರ ಎದುರು ಆ ವಸ್ತುವನ್ನು ಇಂದು ಮಾರಿದರೆ ಸಿಗುವ ಹಣ ಬರೆಯಿರಿ. ಮೊದಲನೆಯದು ಹೆಚ್ಚಿದ್ದರೆ ಉಳಿದ ಮಾತು ಬೇಕಿಲ್ಲ. ಡೆಸರ್ಟ್ ಕೂಲರ್ ಸಾಂಗ್ಲಿಯ ಏಪ್ರಿಲ್ ಬಿಸಿಲಿಗೆ ಬೇಕು, ಬೆಂಗಳೂರಿಗೆ ಬೇಡ. ಅದನ್ನು ಬೇಸಿಗೆ ಶುರುವಾಗುವ ಹೊತ್ತಿಗೆ ಮಾರಿದರೆ ಬೆಲೆ ಬರುತ್ತದೆ.

ಫ್ರಿಜ್ ಒಯ್ಯುವುದಾದರೆ ಹಿಂದಿನ ದಿನವೇ ಆರಿಸಿ, ಮಂಜು ಕರಗಿಸಿ ಒರೆಸಿ, ನಿಲ್ಲಿಸಿಯೇ ಸಾಗಿಸಿ. ತಲುಪಿದ ಮೇಲೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಿ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿಗೆ ಹಿಂಬದಿಯಲ್ಲಿ ಸಾಗಣೆ ಬೋಲ್ಟುಗಳನ್ನು ಹಾಕಬೇಕು, ಇಲ್ಲದಿದ್ದರೆ ಡ್ರಮ್ಮು ಕುಲುಕಿ ಹಾಳಾಗುತ್ತದೆ. ಇನ್ವರ್ಟರಿನ ಬ್ಯಾಟರಿಯಲ್ಲಿ ಆಸಿಡ್ ಇರುವುದರಿಂದ ಲಾರಿಯಲ್ಲಿ ಬೇಡವೇ ಬೇಡ. ಬ್ಯಾಟರಿ ಅಂಗಡಿಗೆ ಹಳೆಯದನ್ನು ಕೊಟ್ಟರೆ ಸೀಸದ ತೂಕಕ್ಕೆ ಹಣ ಸಿಗುತ್ತದೆ. ಕೆಟ್ಟ ಟಿವಿ, ಮೊಬೈಲು, ಮಿಕ್ಸರುಗಳನ್ನು ಕಸದ ಗಾಡಿಗೆ ಹಾಕದೆ ನೋಂದಾಯಿತ ಇ–ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. 2022ರ ಇ–ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಮಿರಜ ಆಸ್ಪತ್ರೆಗಳ ಊರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಆರಂಭಿಸಿದ ಆಸ್ಪತ್ರೆಯ ಕಾಲದಿಂದ ಬೆಳಗಾವಿ, ವಿಜಯಪುರ ಕಡೆಯ ರೋಗಿಗಳು ಇಲ್ಲಿಗೇ ಬರುತ್ತಾರೆ. ಹಾಗಾಗಿ ನಿಮ್ಮ ಮನೆಯ ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ, ಮಡಿಚುವ ಆಸ್ಪತ್ರೆ ಮಂಚ ಇವಕ್ಕೆಲ್ಲ ಬೇಡಿಕೆ ಇಲ್ಲಿ ಎಂದೂ ಇದೆ. ಮೂಲೆಯಲ್ಲಿ ಧೂಳು ತಿನ್ನಲು ಬಿಡಬೇಡಿ. ಹಳೆಯ ಎಕ್ಸ್‌ರೇ ಹಾಳೆಗಳಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಅವನ್ನು ಕೊಳ್ಳುವವರಿದ್ದಾರೆ. ಆದರೆ ವೈದ್ಯರನ್ನು ಕೇಳಿ, ಮುಂದೆ ಬೇಕಾಗುವ ವರದಿಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ನಂತರ ಕೊಡಿ. ಉಳಿದ ಮಾತ್ರೆಗಳನ್ನು ಯಾರಿಗೂ ಹಂಚಬೇಡಿ.

ದೇವರ ಮನೆಯ ವಿಷಯದಲ್ಲಿ ಪ್ರತಿ ಮನೆಯ ಪದ್ಧತಿ ಬೇರೆ. ಕುಲದೇವರ ಮೂರ್ತಿ, ಲಿಂಗ, ಜಿನಬಿಂಬ ಏನೇ ಇರಲಿ, ಕೈಯಲ್ಲೇ ಒಯ್ಯುತ್ತಾರೆ. ತೊಂದರೆ ಬರುವುದು ಕ್ಯಾಲೆಂಡರಿನಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ ಪಟಗಳಿಂದ. ಅವನ್ನು ಅರಳಿಮರದ ಕಟ್ಟೆಗೆ ಇಟ್ಟು ಬರುವುದು, ಕೃಷ್ಣೆಗೆ ಬಿಡುವುದು ಎರಡೂ ತಪ್ಪು. ಗಾಜು, ಚೌಕಟ್ಟು ಬೇರೆ ಮಾಡಿ, ಕಾಗದವನ್ನು ಹಿತ್ತಲಿನ ಮಣ್ಣಿನಲ್ಲಿ ಹೂಳಿ. ತುಳಸಿಯ ಬೀಜ ಒಂದು ಚಿಟಿಕೆ ಒಯ್ದರೆ ಸಾಕು, ಕುಂಡ ಬೇಡ.

ಲಾರಿ, ರೈಲು, ಗ್ಯಾಸು, ಗಾಡಿ

ಈಗ ಸಾಗಣೆಯವರನ್ನು ಕರೆಯಿರಿ. ಮೂವರ ಬಳಿಯಾದರೂ ಬರಹದಲ್ಲಿ ದರ ಪಡೆಯಿರಿ. ನಿಮ್ಮ ಸಾಮಾನೊಂದೇ ಹೋಗುವ ಲಾರಿಯೋ, ಬೇರೆಯವರದ್ದೂ ಸೇರುತ್ತದೋ, ದಾರಿಯಲ್ಲಿ ಇಳಿಸಿ ಬೇರೆ ಲಾರಿಗೆ ಏರಿಸುತ್ತಾರೋ ಸ್ಪಷ್ಟವಾಗಿ ಕೇಳಿ. ಇಳಿಸಿ ಏರಿಸಿದಷ್ಟೂ ಪೆಟ್ಟು ಹೆಚ್ಚು. ಬಳಸಿದ ಗೃಹೋಪಯೋಗಿ ಸಾಮಾನಿಗೆ ಜಿಎಸ್‌ಟಿಯ ಇ–ವೇ ಬಿಲ್ ಬೇಕಿಲ್ಲ. ಗಡಿ ದಾಟುವ ಹೆದರಿಕೆ ಹುಟ್ಟಿಸಿ ಅದರ ಹೆಸರಲ್ಲಿ ಯಾರಾದರೂ ಹಣ ಕೇಳಿದರೆ ಒಪ್ಪಬೇಡಿ. ಸಾಮಾನಿನ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಲಾರಿಯವರ ಸಹಿ ಹಾಕಿಸಿ ಒಂದನ್ನು ನೀವಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಕಾಗದ ಲಾರಿ ರಸೀದಿ. ಪೇಟೆಯಲ್ಲಿ ಬಿಲ್ಟಿ, ಎಲ್‌ಆರ್ ಎನ್ನುತ್ತಾರೆ. ಸಾಮಾನಿನ ಮೌಲ್ಯವನ್ನು ಬುಕಿಂಗ್ ಕಾಗದದಲ್ಲಿ ಬರೆಸಿ. 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ ಹೆಚ್ಚಿನ ಹೊಣೆಯ ದರ ಕೊಡಲು ಸಾಮಾನು ಕಳಿಸುವವರು ಒಪ್ಪಿಕೊಳ್ಳದಿದ್ದರೆ ಹಾನಿಯ ಪರಿಹಾರ ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತ. ದಾವೆ ಹೂಡುವ ಮೊದಲು ಬುಕಿಂಗ್ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ನೋಟಿಸು ಕೊಟ್ಟಿರಬೇಕು. ಪೆಟ್ಟಿಗೆ ಬಿಚ್ಚದೆ ತಿಂಗಳುಗಟ್ಟಲೆ ಇಟ್ಟರೆ ಈ ಹಕ್ಕೂ ಕೈತಪ್ಪುತ್ತದೆ. ದುಬಾರಿ ಸಾಮಾನಿದ್ದರೆ ಸಾಗಣೆ ವಿಮೆ ಮಾಡಿಸಿ, ಪಾಲಿಸಿಯ ಕಾಗದವನ್ನು ಕೈಯಲ್ಲಿ ಪಡೆದುಕೊಳ್ಳಿ.

ಸಾಮಾನು ನಿಜವಾಗಿ ಕಡಿಮೆಯಾಗಿದ್ದರೆ ಲಾರಿಯೇ ಬೇಡವಾಗಬಹುದು. ಮಿರಜ ದೊಡ್ಡ ಜಂಕ್ಷನ್. 2016ರ ಏಪ್ರಿಲ್‌ನಲ್ಲಿ ಬರಗಾಲದ ಲಾತೂರಿಗೆ ನೀರಿನ ರೈಲು ಹೊರಟದ್ದೂ ಇಲ್ಲಿಂದಲೇ. ಬೆಂಗಳೂರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಟಿಕೆಟಿನ ಜೊತೆ ಸ್ಲೀಪರಿನಲ್ಲಿ 40 ಕಿಲೋ, ಎಸಿ ಮೂರು ಟಿಯರಿನಲ್ಲೂ 40, ಎರಡು ಟಿಯರಿನಲ್ಲಿ 50 ಕಿಲೋ ಸಾಮಾನು ಉಚಿತ. ಅದಕ್ಕಿಂತ ಹೆಚ್ಚಿನದನ್ನು ಪಾರ್ಸಲ್ ಕಚೇರಿಯಲ್ಲಿ ಬುಕ್ ಮಾಡಬಹುದು. ಪುಸ್ತಕ, ಪಾತ್ರೆಗಳಿಗೆ ಇದು ಒಳ್ಳೆಯ ದಾರಿ. ಬೈಕನ್ನೂ ಕಳಿಸಬಹುದು. ಪೆಟ್ರೋಲು ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಒಯ್ದು, ಗೋಣಿತಟ್ಟಿನಲ್ಲಿ ಸುತ್ತಿಸಿ. ತಲುಪಿದ ಸಾಮಾನನ್ನು ಬೇಗ ಬಿಡಿಸಿಕೊಳ್ಳಿ. ತಡವಾದರೆ ವಾರ್ಫೇಜ್ ದಂಡ ಏರುತ್ತಲೇ ಹೋಗುತ್ತದೆ.

ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ವರ್ಗಾವಣೆ ವೋಚರ್ ಪಡೆಯಿರಿ. ಸಂಪರ್ಕ ಪಡೆದಾಗ ಕೊಟ್ಟಿದ್ದ ಎಸ್‌ವಿ ಕಾಗದ ಆಗ ಬೇಕಾಗುತ್ತದೆ, ಈಗಲೇ ಹುಡುಕಿಡಿ.

ಎಂಎಚ್–10 ಅಂಕೆಯ ಗಾಡಿಯನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿ ಹೊಸ ನೋಂದಣಿ ಬೇಕು. ಅದಕ್ಕೆ ಸಾಂಗ್ಲಿ ಆರ್‌ಟಿಓದಿಂದ ನಮೂನೆ 28ರಲ್ಲಿ ಎನ್‌ಒಸಿ ಪಡೆಯಬೇಕು, ಬಾಕಿ ಚಲನ್‌ಗಳನ್ನು ತುಂಬಿರಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಅಲ್ಲಿ ತೆರಿಗೆ ಕಟ್ಟಿದ ಮೇಲೆ ಇಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಬಹುದು. ಖಾಸಗಿ ಗಾಡಿಯ ನೋಂದಣಿ ಅವಧಿ 15 ವರ್ಷ. ನಿಮ್ಮ ಸ್ಕೂಟರು ಅದರ ಹತ್ತಿರ ಬಂದಿದ್ದರೆ ಇಷ್ಟೆಲ್ಲ ಓಡಾಟ ಬೇಡ, ಇಲ್ಲೇ ಮಾರಿ, ಹೆಸರು ಬದಲಾದದ್ದನ್ನು ಖಾತ್ರಿ ಮಾಡಿಕೊಂಡೇ ಹೊರಡಿ.

ರದ್ದಿಗೆ ಹಾಕುವ ಮೊದಲು

ಕೊನೆಗೆ ಉಳಿಸಿಕೊಂಡದ್ದು ಕಾಗದ ಮತ್ತು ಪುಸ್ತಕದ ವಿಷಯ. ಮನೆ ಖಾಲಿ ಮಾಡುವಾಗ ಕೊನೆಯ ವಾರ ರದ್ದಿಯವನನ್ನು ಕರೆದು ಒಟ್ಟಿಗೆ ತೂಗಿ ಕೊಡುವುದು ರೂಢಿ. ಅಷ್ಟರಲ್ಲಿ ಯಾರಿಗೂ ಬಿಚ್ಚಿ ನೋಡುವ ತಾಳ್ಮೆ ಉಳಿದಿರುವುದಿಲ್ಲ. ಈ ಕೆಲಸವನ್ನು ಎರಡು ತಿಂಗಳ ಮೊದಲ ದಿನವೇ ಹಿಡಿಯಿರಿ.

ಹಳೆಯ ಟ್ರಂಕಿನ ತಳದಲ್ಲಿ ಬಟ್ಟೆಗೆ ಸುತ್ತಿಟ್ಟ ಕಟ್ಟು ಸಿಗಬಹುದು. ಅಕ್ಷರ ಮರಾಠಿಯಂತೆ ಕಂಡರೂ ಓದಲು ಬರುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡ ಗೆರೆಗಳು. ಅದು ಮೋಡಿ ಲಿಪಿ. ಸಾಂಗ್ಲಿ, ಮಿರಜ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದಕ್ಕಿಂತ ಹಿಂದಿನ ಇನಾಮು, ಹೊಲ, ಸಾಲ, ವ್ಯಾಪಾರದ ಕಾಗದಗಳಲ್ಲಿ ಬಹಳಷ್ಟು ಈ ಲಿಪಿಯಲ್ಲೇ ಇವೆ. 1956ರ ನವೆಂಬರ್ 1ರಂದು ಶಿರಹಟ್ಟಿ, ಲಕ್ಷ್ಮೇಶ್ವರ, ತೇರದಾಳಗಳು ಕನ್ನಡ ರಾಜ್ಯಕ್ಕೆ ಸೇರಿದವು, ಆದರೆ ಆ ಊರುಗಳ ಹಳೆಯ ಲೆಕ್ಕದ ಕಾಗದ ಸಾಂಗ್ಲಿಯ ಒಂದು ಮನೆಯ ಟ್ರಂಕಿನಲ್ಲಿ ಇರಬಹುದು. ನಿಮಗೆ ಓದಲು ಬರದಿರುವುದು ಅದನ್ನು ಎಸೆಯಲು ಕಾರಣವಾಗಬಾರದು. ಪ್ರತಿ ಹಾಳೆಯ ಚಿತ್ರ ಹಗಲು ಬೆಳಕಿನಲ್ಲಿ ತೆಗೆಯಿರಿ. ಕೊಲ್ಹಾಪುರದ ಪುರಾಭಿಲೇಖ ಕಚೇರಿ, 1910ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಳ ಇಂಥ ಕಡೆ ಕೇಳಿದರೆ ಓದಬಲ್ಲವರು ಸಿಗುತ್ತಾರೆ. ಆಸ್ತಿಗೆ ಸಂಬಂಧಿಸಿದ ಮೂಲ ಕಾಗದ, ಸಾತ್‌ಬಾರಾ ಉತಾರೆ, ಪ್ರಾಪರ್ಟಿ ಕಾರ್ಡು, ಖರೀದಿಪತ್ರಗಳನ್ನು ಒಂದೇ ಫೈಲಿನಲ್ಲಿ ಹಾಕಿ ಕೈಯಲ್ಲಿ ಒಯ್ಯಿರಿ. ವಿದ್ಯುತ್ ಬಿಲ್ಲು, ಹಳೆಯ ಬ್ಯಾಂಕ್ ಸ್ಲಿಪ್ಪುಗಳನ್ನು ಹರಿದೇ ರದ್ದಿಗೆ ಹಾಕಿ.

ಫೋಟೊಗಳ ವಿಷಯದಲ್ಲಿ ಒಂದೇ ಸಲಹೆ. ಹಿರಿಯರ ಪಕ್ಕ ಕೂತು ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆಯಿರಿ. ಅವರಲ್ಲದೆ ಇನ್ನಾರಿಗೂ ಆ ಮುಖಗಳ ಗುರುತಿಲ್ಲ.

ಪುಸ್ತಕಗಳಲ್ಲಿ ಮರಾಠಿಯವು ಇಲ್ಲಿನ ವಾಚನಾಲಯಗಳಿಗೆ ಹೋಗಲಿ. 2019ರ ಪ್ರವಾಹದಲ್ಲಿ ಸಾಂಗ್ಲಿ ನಗರ ವಾಚನಾಲಯದ ಪುಸ್ತಕಗಳು ನೀರುಪಾಲಾದದ್ದನ್ನು ಊರಿನವರು ಮರೆತಿಲ್ಲ. ಕನ್ನಡದವನ್ನು ಬೆಂಗಳೂರಿಗೆ ಒಯ್ದರೆ ಅಲ್ಲಿ ಅವಕ್ಕೆ ಕೊರತೆ ಇಲ್ಲ, ಅಂಗಡಿಯಲ್ಲಿ ಮತ್ತೆ ಸಿಗುತ್ತವೆ. ಅವು ಬೇಕಾದದ್ದು ಸಾಂಗ್ಲಿ ಜಿಲ್ಲೆಯಲ್ಲೇ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳು ನಡೆಯುತ್ತಿವೆ, ಮಿರಜ ತಾಲೂಕಿನಲ್ಲೂ ಇವೆ. ಅವಕ್ಕೆ ಬೇಕಾದ ಪಠ್ಯಪುಸ್ತಕವನ್ನು ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೇ ಮುದ್ರಿಸುತ್ತದೆ, ಆದ್ದರಿಂದ ಕರ್ನಾಟಕದ ಹಳೆ ಪಠ್ಯ ಅಲ್ಲಿ ನಡೆಯುವುದಿಲ್ಲ. ಕಥೆ, ಜೀವನಚರಿತ್ರೆ, ವಿಜ್ಞಾನ, ನಿಘಂಟು, ಮಕ್ಕಳ ಚಿತ್ರಪುಸ್ತಕ, ಚೆನ್ನಾಗಿರುವ ಮಾಸಪತ್ರಿಕೆಗಳು ಬೇಕು. ಹರಿದದ್ದು, ಗೆದ್ದಲು ಹಿಡಿದದ್ದು ಬೇಡ. ಮುಖ್ಯೋಪಾಧ್ಯಾಯರಿಗೆ ಮೊದಲೇ ಫೋನ್ ಮಾಡಿ ಎಷ್ಟು ಬೇಕು, ಎಲ್ಲಿ ಇಡುತ್ತಾರೆ ಎಂದು ಕೇಳಿ, ಒಂದು ಛೋಟಾ ಹಾಥಿ ಗಾಡಿಯಲ್ಲಿ ನೀವೇ ತಲುಪಿಸಿ ಬನ್ನಿ. ಸಾಧ್ಯವಾದರೆ ಪುಸ್ತಕದ ಕಪಾಟನ್ನೂ ಜೊತೆಗೆ ಕೊಡಿ, ಹೇಗೂ ಅದು ಹೊಸ ಮನೆಯ ಬಾಗಿಲಲ್ಲಿ ಹಿಡಿಯುವುದಿಲ್ಲ. ಗಡಿಯ ಈ ಕಡೆ ಕನ್ನಡ ಓದುವ ಮಕ್ಕಳಿಗೆ ಒಂದು ಕಪಾಟು ಪುಸ್ತಕ ಕೊಡಬಲ್ಲ ಮನೆಗಳು ವರ್ಷದಿಂದ ವರ್ಷಕ್ಕೆ ಊರು ಬಿಡುತ್ತಿವೆ. ನಿಮ್ಮ ಮನೆಯೂ ಅವುಗಳಲ್ಲಿ ಒಂದಾಗಿದ್ದರೆ, ರದ್ದಿಯವನಿಗೆ ಹೇಳಿ ಕಳಿಸುವ ಮೊದಲು ಆ ಶಾಲೆಗೆ ದಯವಿಟ್ಟು ಒಂದು ಮಾತು ಹೇಳಿ.